ಹೊಂದದ ಸಹಿ

ರಾಮದುರ್ಗದಲ್ಲಿ ನಾನು ಕೆಲಸಕ್ಕಿದ್ದ ಫೈನಾನ್ಸ್ ಕಂಪನಿಯನ್ನು ಜನ ಬ್ಯಾಂಕು ಎಂದೇ ಕರೆಯುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಮಾತು. ಬಾಗಿಲು ದಾಟಿದ ಕೂಡಲೇ ಎದುರಾಗುವ 'ವಿಚಾರಣೆ' ಮೇಜು ನನ್ನದು. ಪಾಸ್‌ಬುಕ್ ಕಳೆದುಕೊಂಡವರು, ಠೇವಣಿಯ ಅವಧಿ ಕೇಳುವವರು, ಸವದತ್ತಿ ಬಸ್ಸು ಹೋಯಿತೇ ಎಂದು ಕೇಳುವವರು, ಎಲ್ಲರೂ ಮೊದಲು ನನ್ನ ಹತ್ತಿರವೇ ಬರಬೇಕು. ಗಿರಾಕಿಗಳೊಡನೆ ನಗುನಗುತ್ತ ಮಾತಾಡಿ ಎಂದು ಹುಬ್ಬಳ್ಳಿಯ ಮುಖ್ಯ ಕಚೇರಿಯಿಂದ ಸುತ್ತೋಲೆ ಬರುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. 'ಈ ಬಾಯಿ ಇಟಗೊಂಡ ಕುಂತಾಕಿನ್ನ ಯಾರವಾ ಅಲ್ಲಿ ಕೂಡಿಸಿದವ್ರು?' ಎಂದು ಅವ್ವ ನಗುತ್ತಿದ್ದಳು.

ಹೆಬ್ಬೆಟ್ಟಿನವರನ್ನು ಕಂಡರಂತೂ ನನಗೆ ರೇಗುತ್ತಿತ್ತು. ಶಾಯಿಯ ಡಬ್ಬಿ ತೆಗೆ, ಬೆರಳು ಹಿಡಿ, ಒತ್ತಿಸು, ಸಾಕ್ಷಿಗೆ ಯಾರನ್ನಾದರೂ ಕರೆ. ಒರೆಸಿಕೊಳ್ಳಲು ಬಟ್ಟೆ ಇಟ್ಟರೂ ಗೋಡೆಗೇ ಒರೆಸುತ್ತಿದ್ದರು.

ಕಟಕೋಳದಿಂದ ಪ್ರತಿ ಸಂತೆಗೆ ಒಬ್ಬಾಕೆ ಹೈನಿನ ದುಡ್ಡು ಕಟ್ಟಲು ಬರುತ್ತಿದ್ದಳು. ಐವತ್ತರ ಆಸುಪಾಸಿನವಳು, ಮಕ್ಕಳಿರಲಿಲ್ಲ. ಎರಡು ಎಮ್ಮೆ, ಒಬ್ಬ ಗಂಡ, ಇಷ್ಟೇ ಆಕೆಯ ಸಂಸಾರ. ಒಂದು ದಿನ ತಡೆಯಲಾರದೆ ಅಂದೇಬಿಟ್ಟೆ:

'ಎಷ್ಟ ದಿನಾ ಅಂತ ಹೆಬ್ಬಟ್ಟ ಒತ್ತತೀರಿ? ಸಹಿ ಕಲೀರಿ. ನಾ ಕಲಸತೇನಿ.'

'ಕುಡಗೋಲ ಹಿಡಿಯೂ ಕೈರೀ ಇದು. ಪೆನ್ನಿಗೆ ಹೆಂಗ ಬಗ್ಗತೈತಿ?'

ಬಗ್ಗಿತು. ಹಳೆಯ ಚೀಟಿಗಳ ಹಿಂಬದಿಯಲ್ಲಿ ಆಕೆಯ ಹೆಸರಿನ ನಾಲ್ಕು ಅಕ್ಷರ ಬರೆದುಕೊಟ್ಟೆ. ಮನೆಯಲ್ಲಿ ಬೂದಿಯ ಮೇಲೆ ತಿದ್ದಿ, ಸಂತೆಯ ದಿನ ಬಂದು ನನ್ನೆದುರು ಬರೆದು ತೋರಿಸುತ್ತಿದ್ದಳು. ತಪ್ಪಿದರೆ ಬೈಯುತ್ತಿದ್ದೆ. ಸಹಿ ಕೂತ ದಿನ ಗಂಡನನ್ನೂ ಕರೆದುಕೊಂಡು ಬಂದಳು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು. ಕಚೇರಿಯಲ್ಲಿ ಮಾದರಿ ಸಹಿ ಇಟ್ಟುಕೊಳ್ಳುವ ಕಾರ್ಡನ್ನು ಆತ ಎತ್ತಿ ಹಿಡಿದು ನೋಡಿದ. 'ನಂದು ಹೆಬ್ಬಟ್ಟ, ಆಕಿದು ಸಹಿ. ಇನ್ನ ಮನ್ಯಾಗ ನನ್ನ ಮಾತ ನಡೀತೈತೇನ್ರಿ ಬಾಯಾರ?' ಎಂದು ನನ್ನನ್ನು ಕೇಳಿದ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೆಬ್ಬೆಟ್ಟಿನ ಕಾರ್ಡು ರದ್ದು ಮಾಡಿ, ಹೊಸ ಕಾರ್ಡು ಹುಬ್ಬಳ್ಳಿಗೆ ಕಳಿಸಿದೆ. ಅಲ್ಲಿಂದ ನನಗೆ ಶಹಬ್ಬಾಸ್ ಅಂತ ಪತ್ರವೂ ಬಂತು. ಆ ಪತ್ರವನ್ನು ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದೆ.

ಎರಡು ವರ್ಷದ ಮೇಲೆ ಒಂದು ಶನಿವಾರ, ಬಾಗಿಲು ಹಾಕುವ ಹೊತ್ತಿಗೆ ಆಕೆ ಓಡುತ್ತ ಬಂದಳು. ಗಂಡ ಬೆಳಗಾವಿಯ ಆಸ್ಪತ್ರೆಯಲ್ಲಿ. ಹೊಟ್ಟೆಯ ಆಪರೇಶನ್ ತಡ ಮಾಡುವಂತಿಲ್ಲ, ಮೊದಲು ದುಡ್ಡು ಕಟ್ಟಿ ಎಂದಿದ್ದರು. ಠೇವಣಿ ಮುರಿಸಿ ಅಂದೇ ಹೋಗಬೇಕಿತ್ತು. ಚೀಟಿ ಕೊಟ್ಟೆ. ಪೆನ್ನು ಹಿಡಿದ ಕೈ ಗಡಗಡ ನಡುಗುತ್ತಿತ್ತು. ಮೊದಲ ಅಕ್ಷರವೇ ಗೆರೆ ದಾಟಿ ಹೋಯಿತು. ಇನ್ನೊಂದು ಚೀಟಿ, ಮತ್ತೊಂದು. ಮೂರನೆಯದು ಎಲ್ಲಕ್ಕಿಂತ ಕೆಟ್ಟಿತ್ತು.

'ಹೆಬ್ಬಟ್ಟ ಒತ್ತತೇನ್ರಿ, ತಗೋರಿ,' ಎಂದು ಬೆರಳು ಚಾಚಿದಳು.

ಹೆಬ್ಬೆಟ್ಟಿಗೆ ನಡುಕ ಬಾಧಿಸುವುದಿಲ್ಲ. ಆದರೆ ಆ ಕಾರ್ಡನ್ನು ನಾನೇ ರದ್ದು ಮಾಡಿದ್ದೆ. ಮ್ಯಾನೇಜರರು ಕೆಟ್ಟವರಲ್ಲ. ಚೀಟಿಗಳನ್ನು ತಿರುವಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. 'ಸಹಿ ಹೊಂದವಲ್ದು. ಆಕಿನ್ನ ನಾ ಬಲ್ಲೆ ಅಂತ ನೀವು ಬರದು ಸಹಿ ಮಾಡ್ತೀರಂದ್ರ, ದುಡ್ಡ ಕೊಡಸತೇನಿ. ಮುಂದ ಏನರೆ ಆದ್ರ ಜವಾಬ್ದಾರಿ ನಿಮ್ಮದು.'

ಬಲ್ಲೆನೇ? ಆಕೆಯ ಒಂದೊಂದು ಅಕ್ಷರದ ಬಾಲವನ್ನೂ ಬಲ್ಲೆ. ಆದರೂ ಜವಾಬ್ದಾರಿ ಎಂಬ ಮಾತಿಗೆ ಹೆದರಿದೆ. ನೌಕರಿ ಹೋದರೆ ಅಂತ ಹೆದರಿದೆ. ಹೊರಗೆ ಬಂದು, ಸುತ್ತೋಲೆಯಲ್ಲಿ ಹೇಳಿದ ಹಾಗೆಯೇ ನಗುಮುಖ ಮಾಡಿ, 'ಸೋಮವಾರ ಬರ್ರಿ. ಮನ್ಯಾಗ ಚೊಲೋತಂಗ ಬರದ ಬರದ ರೂಢಿ ಮಾಡ್ಕೊಂಡ ಬರ್ರಿ,' ಎಂದೆ. ಥೂ, ಎಂಥ ಬಾಯಿ ನನ್ನದು! ಆಕೆ ಜಗಳ ತೆಗೆಯಲಿಲ್ಲ. ಕಲಿಸಿದವಳ ಮಾತು ಸರಿಯೇ ಇರಬೇಕು ಎನ್ನುವವಳ ಹಾಗೆ ತಲೆಯಾಡಿಸಿ, ಕೆಟ್ಟ ಚೀಟಿಗಳನ್ನೂ ಕೇಳಿ ಇಸಿದುಕೊಂಡು ಹೋದಳು.

ಸೋಮವಾರ ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ದುಡ್ಡು ಬೇರೆ ಕಡೆ ಸಿಕ್ಕಿರಬೇಕು, ಆಪರೇಶನ್ ಆಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ಸೋಮವಾರ ಮೇಜಿನ ಮುಂದೆ ಗದ್ದಲವೋ ಗದ್ದಲ. ಆಕೆಯ ಪಾಸ್‌ಬುಕ್ ಎದುರಿಗೆ ಬಂತು. ತಲೆ ಎತ್ತದೆಯೇ ರೇಗಿದೆ: 'ಯಾವಾಗ ಬರ್ರಿ ಅಂದ್ರ ಯಾವಾಗ ಬರತೀರಿ? ಹೂಂ, ಮಾಡ್ರಿ ಸಹಿ.'

ಆಕೆ ಬರೆಯತೊಡಗಿದಳು. ನಾನು ಬಾಗಿ ಕೈಯನ್ನೇ ನೋಡುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು. ಗೆರೆಯ ಮೇಲೆ ನೆಟ್ಟಗೆ ಕೂತವು, ಕಾರ್ಡಿನಲ್ಲಿ ಇದ್ದಂತೆಯೇ. ಆ ಕೈಯಲ್ಲಿ ಬಳೆ ಇಲ್ಲದ್ದು ನನಗೆ ಕಾಣಲೇ ಇಲ್ಲ. ಅಕ್ಷರ ಮಾತ್ರ ಕಂಡವು. 'ಶಹಬ್ಬಾಸ್ ನಮ್ಮಕ್ಕ! ನೋಡ್ರಿ, ಎಷ್ಟ ಚೊಲೋ ಬಂತು!' ಎಂದು ಹಿಗ್ಗಿ ತಲೆ ಎತ್ತಿದೆ.

ಹಣೆಯ ಮೇಲೆ ವಿಭೂತಿ ಅಷ್ಟೇ ಇತ್ತು.

'ಯಾವಾಗ?' ಎಂದು ಕೇಳಿದೆ.

'ಮಣ್ಣ ಮಾಡಿ ಹದಿನೈದ ದಿನಾತ್ರಿ. ಮರದಿನಾನ, ಐತವಾರ ಹೋದ್ರು. ಮಂಚದ ಬಾಜೂಕ ಕುಂತ ಬರ್ಯಾಕ ಹತ್ತಿದ್ನಿ, ನೀವು ಹೇಳಿದ್ರಲ್ಲ. ನೋಡಕೋತನ ಇದ್ರು. ಬರೆಯವಾ, ಬರೆಯವಾ, ಬರ್ತೈತಿ ಅನ್ನಾಕ ಹತ್ತಿದ್ರು.'

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬುದ್ಧಿ ಬಂದು ಯಾರಿಗೇನಾಯಿತು? ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ನನ್ನದೊಂದು ಸಹಿ ಸಾಕಿತ್ತು ಎಂದು ಆಕೆಗೆ ಅವತ್ತು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಆಕೆಯೇ ನನ್ನ ಕೈ ಹಿಡಿದಳು.

'ಅಳಬ್ಯಾಡ್ರಿ ಬಾಯಾರ. ನಿಮ್ಮದೇನ ತಪ್ಪೈತಿ? ಈಗ ಕೈ ನಡಗೂದಿಲ್ರಿ. ಯಾರ ಸಲುವಾಗಿ ನಡಗಬೇಕು?' ಎಂದು ಚೀಟಿಯನ್ನು ನನ್ನ ಕಡೆ ಸರಿಸಿದಳು. 'ನೋಡ್ರಿ, ಹೊಂದತೈತಿಲ್ಲೋ?'

'ಹೊಂದತೈತ್ರಿ,' ಎಂದೆ.