ಎಡಹೆಗಲಿನ ಮೆತ್ತೆ

ನಮ್ಮ ಪಕ್ಕದ ಹೊಲದ ಯಜಮಾನರು ಎಡಚರು. ಮೆಕ್ಕೆಜೋಳಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದರು. ಅದರ ಪಟ್ಟಿ, ಚೀಲ, ಹೆಗಲಿಗೆ ಒದೆಯದಂತೆ ಹಿಂಬದಿಗೆ ಕಟ್ಟುವ ಮೆತ್ತೆ, ಎಲ್ಲ ಅವರದೇ ಹೊಲಿಗೆ.

"ಎಡಗೈಯೋರಿಗೆ ಅಂತ ಯಾರೂ ಮಾಡಲ್ಲ ರೀ, ನಾವೇ ಮಾಡ್ಕಬೇಕು" ಎನ್ನುತ್ತ ಸೂಜಿಯನ್ನು ತಲೆಗೂದಲಿಗೆ ತಿಕ್ಕುತ್ತಿದ್ದರು.

ಚುನಾವಣೆ ಬಂದರೆ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು. ಒಮ್ಮೆ ಸೊರಬಕ್ಕೆ ನಾನೂ ಜೊತೆಗೆ ಹೋಗಿದ್ದೆ. ಕೋವಿ ಕೊಡುವ ಮೊದಲು ಅವರು ಮೆತ್ತೆಯನ್ನು ಮಾತ್ರ ಬಿಚ್ಚಿಕೊಂಡರು.

"ಇರ್ಲಿ ಬಿಡ್ರೀ, ವಾಪಸ್ ಕೊಡ್ತೀವಲ್ಲ" ಎಂದ ಪೇದೆ.

"ಬ್ಯಾಡ ಸಾರ್. ನಮ್ಮನೆಯೋಳ ಸೀರೆ ಇದು. ಅವಳು ಹೋದ್ಮೇಲೆ ಹೊಲ್ದಿದ್ದು."

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಮೆತ್ತೆಯನ್ನು ಎಡಹೆಗಲ ಮೇಲಿಟ್ಟು, ಅದಕ್ಕೆ ಕೆನ್ನೆ ಆನಿಸಿ, ಊರು ಬರುವವರೆಗೂ ಹಾಗೇ ಕೂತಿದ್ದರು.