ನೀರು ಹಾಕಿದವಳು

ಬೀದಿಯವರೆಲ್ಲ ಅವಳನ್ನು ನೀರಕ್ಕ ಅಂತಲೇ ಕರೆಯುವುದು. ಆ ಹೆಸರು ಹೇಗೆ ಬಂತು ಎಂದು ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ, ಅದೂ ತಪ್ಪಾಗಿ. ಇವರ ಬಾಯಿಗೆ ಬೀಗ ಹಾಕುವವರು ಯಾರು?

ಆಗ ಅವಳು ಚೊಚ್ಚಲ ಬಾಣಂತಿ. ತಗಡಿನ ಕೊಟ್ಟಿಗೆಯಲ್ಲಿ ಆಗಷ್ಟೇ ಕರು ಹಾಕಿದ್ದ ಸೀಮೆಹಸು ಸೆಕೆಗೆ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ನೀರು ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್, ಅಷ್ಟೇ. "ಜಾಸ್ತಿ ಕುಡಿದ್ರೆ ಹಾಲು ತೆಳ್ಳಗಾಗುತ್ತೆ ಕಣೇ," ಎನ್ನುವುದು ಅತ್ತೆಯ ಕಾನೂನು. ಮಗುವಿಗೆ ಹಾಲೂಡಿಸಲು ಕೂತಾಗಲೆಲ್ಲ ಇವಳಿಗೆ ಗಂಟಲು ಒಣಗುತ್ತಿತ್ತು. ಒಂದು ಚೊಂಬು ನೀರು ಗಟಗಟ ಕುಡಿದ ಮೇಲೇ ಸಮಾಧಾನ. ಹಸುವಿಗೂ ಹಾಗೇ ಆಗುವುದಿಲ್ಲವೇ? ಅತ್ತೆ ಮಧ್ಯಾಹ್ನ ಅಡ್ಡಾದಾಗ ಗುಟ್ಟಾಗಿ ಇನ್ನೆರಡು ಬಕೆಟ್ ಕುಡಿಸತೊಡಗಿದಳು. ಹತ್ತೇ ದಿನಕ್ಕೆ ಹಾಲು ಎರಡು ಲೀಟರ್ ಏರಿತು.

ಡೈರಿಯಲ್ಲಿ ಹಾಲು ಅಳೆಯುವ ಕಾರ್ಯದರ್ಶಿಗೆ ಅದೇ ಕಣ್ಣು ಕುಕ್ಕಿತು. ಹಾಲು ಏರಿದಾಗ ಜಿಡ್ಡು ತುಸು ಇಳಿಯುವುದು ಸಹಜ. ಆ ಪುಣ್ಯಾತ್ಮನಿಗೆ ಅಷ್ಟು ತಿಳುವಳಿಕೆ ಎಲ್ಲಿಂದ ಬರಬೇಕು. ಸಾಲಿನಲ್ಲಿ ಅಷ್ಟು ಜನ ನಿಂತಿರುವಾಗಲೇ ಕೇಳಿದ:

"ಏನಮ್ಮ, ನೀರು ಹಾಕಿದ್ದೀಯಾ?"

ಅವಳ ಮನೆಯಲ್ಲಿ ಹಸುವಿಗೆ ಹುಲ್ಲು ಹಾಕುವುದು, ನೀರು ಹಾಕುವುದು ಎಂದೇ ಮಾತು. ಒಬ್ಬರಾದರೂ ತನ್ನ ಕೆಲಸ ಗುರುತಿಸಿದರಲ್ಲ ಎಂದು ಒಳಗೊಳಗೇ ಹಿಗ್ಗಿದಳು. "ಹೂಂ ಅಣ್ಣ, ದಿನಾ ಎರಡು ಬಕೆಟ್ ಹಾಕ್ತೀನಿ," ಎಂದುಬಿಟ್ಟಳು.

ಸಾಲು ಗೊಳ್ಳೆಂದಿತು. "ಹಾಲಿಗಲ್ಲ, ಹಸುಗೆ," ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಅವಳ ಕಣ್ಣೆದುರೇ ಕ್ಯಾನನ್ನು ಚರಂಡಿಗೆ ಬಗ್ಗಿಸಿದರು.

ಮನೆಗೆ ಬಂದು ಅತ್ತೆಗೆ ನಡೆದದ್ದೆಲ್ಲ ಹೇಳಿದಳು. ಅತ್ತೆ ನಂಬಿದಳು ಕೂಡ. ಹೊಟ್ಟೆ ಉರಿಯುವುದೇ ಅದಕ್ಕೆ. "ನೀನು ಹಾಲಿಗೆ ಹಾಕಿಲ್ಲ, ಗೊತ್ತು ಕಣೇ. ಆದ್ರೆ ತೆಳ್ಳಗಾಗುತ್ತೆ ಅಂತ ಬಡ್ಕೊಂಡಿದ್ನಲ್ಲ," ಎಂದು ಬಕೆಟ್ ಒಳಗಿಟ್ಟಳು. ಮರುದಿನದಿಂದ ಡೈರಿಗೆ ತಾನೇ ಹೊರಟಳು.

ವಾರದಲ್ಲಿ ಹಾಲು ಮೊದಲಿನಷ್ಟಕ್ಕೇ ಇಳಿಯಿತು. "ನೋಡಿದ್ರಾ ಅಮ್ಮ, ಸೊಸೆ ಕೈ ತಪ್ಪಿದ ಕೂಡಲೇ ಹಾಲು ಸರಿಹೋಯ್ತು," ಎಂದ ಕಾರ್ಯದರ್ಶಿ. ಅತ್ತೆ ಆಗ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅವತ್ತಿನಿಂದ ಸೊಸೆ ಕಳ್ಳಿಯಾಗಿಯೇ ಉಳಿದಳು.

ಹನ್ನೆರಡು ವರ್ಷದ ಮೇಲೆ ಡೈರಿಯ ಅಂಗಳದಲ್ಲಿ ಹೊಸ ಪಶುವೈದ್ಯೆ ಸಭೆ ಕರೆದರು. ಹಸುವಿನ ಮುಂದೆ ಸದಾ ನೀರಿರಲಿ, ಖರ್ಚಿಲ್ಲದೆ ಹಾಲು ಹೆಚ್ಚುತ್ತದೆ ಎಂದರು. ಕಾರ್ಯದರ್ಶಿ ಎದ್ದು, ತನ್ನ ಕೊಟ್ಟಿಗೆಯಲ್ಲಿ ಆಗಲೇ ತೊಟ್ಟಿ ಕಟ್ಟಿಸಿದ್ದೇನೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ.

ವೈದ್ಯೆ ಮುಂದಿನ ಸಾಲಿನಲ್ಲಿದ್ದ ಇವಳತ್ತ ತಿರುಗಿದರು. "ನಿಮ್ಮ ಹೆಸರೇನಮ್ಮ?"

ಇವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ "ನೀರಕ್ಕ" ಎಂದರು. ಎಲ್ಲರೂ ನಕ್ಕರು.

ಏನೂ ಅರಿಯದ ವೈದ್ಯೆಯೂ ನಕ್ಕರು. "ಒಳ್ಳೆ ಹೆಸರು. ಹಸುಗೆ ಚೆನ್ನಾಗಿ ನೀರು ಕೊಡ್ತೀರ ಅನ್ಸುತ್ತೆ."

ಇವಳು ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡಿದಳು. ಅತ್ತೆ ತಲೆ ತಗ್ಗಿಸಿ ಸೆರಗಿನ ನೂಲು ಎಳೆಯುತ್ತಿದ್ದಳು.

"ಕೊಡ್ತಿದ್ದೆ," ಎಂದಳು ಇವಳು.