ಸ್ವಂತ ಇಚ್ಛೆಯ ರಾಜೀನಾಮೆ

ಗೆಳೆಯರೇ, ಗಜೇಂದ್ರಗಡದ ನಮ್ಮ ಗಾರ್ಮೆಂಟ್ಸಿನಲ್ಲಿ ಇಂದು ಎರಡು ಹೊಲಿಗೆ ಲೈನ್ ಸೇರಿಸಿ ಒಂದು ಮಾಡಿದರು. ಕಾಲರ್ ಹೊಲಿಯುವ ನಾನು ಹೆಚ್ಚುವರಿಯಾದೆ. ಸೂಪರ್‌ವೈಸರ್ ಮೆಹಬೂಬಣ್ಣ ಖಾಲಿ ಹಾಳೆ ಕೊಟ್ಟರು.

"ಸ್ವಂತ ಇಚ್ಛಾದಿಂದ ಕೆಲಸ ಬಿಡಾಕತ್ತೀನಿ ಅಂತ ಬರಿ, ತಂಗಿ."

"ನನಗ ಬಿಡೂ ಇಚ್ಛಾನ ಇಲ್ಲಲ್ರಿ."

"ಎಲ್ಲಾರೂ ಹಂಗ ಬರದಾರವಾ."

‘ನೀವು ಬೇಡ ಅಂದಿರಿ, ಅದಕ್ಕೆ ಹೊರಟೆ’ ಎಂದು ಬರೆದುಕೊಟ್ಟೆ. ಓದಿ ಹಣೆ ಹಿಡಿದುಕೊಂಡರು. "ಇದು ಆಫೀಸಿನ್ಯಾಗ ನಡಿಯಂಗಿಲ್ಲ. ನಾಳೆ ಬಂದು ತಿದ್ದು."

ಸಂಜೆ ಗೇಟಿನ ಹತ್ತಿರ ಅವರೇ ಓಡಿ ಬಂದರು. ಕೈಯಲ್ಲಿ ಅಂಥದೇ ಖಾಲಿ ಹಾಳೆ, ಈ ಸಲ ಅವರಿಗೇ ಕೊಟ್ಟದ್ದು. ಲೈನ್ ಒಂದಾದ ಮೇಲೆ ಸೂಪರ್‌ವೈಸರ್ ಇಬ್ಬರೇಕೆ?

"ತಂಗಿ, ನೀ ಹ್ಯಾಂಗ ಬರದಿದ್ದಿ? ಸಾವಕಾಶ ಹೇಳು."

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನಾನು ಬರೆದದ್ದನ್ನು ಒಬ್ಬರು ಕಾಪಿ ಹೊಡೆದದ್ದು ಇದೇ ಮೊದಲು.